ಶಮಶಾದಬಿಯ ಮಾಳಿಗೆ ಸೋರಿದ್ದು

ಕುರ್ತಕೋಟಿಯಲ್ಲಿ ಹುಟ್ಟಿ, ಕುರ್ತಕೋಟಿಯಲ್ಲೇ ಬೆಳೆದು, ಎರಡು ಮನೆ ಆಚೆಗಿನ ಸೋದರಮಾವನ ಮಗನನ್ನೇ ಮದುವೆಯಾಗಿ, ನಲವತ್ತು ವರ್ಷ ಅದೇ ಓಣಿಯ ಧೂಳು ತುಳಿದ ಶಮಶಾದಬಿಯಷ್ಟು ಆ ಊರನ್ನು ಬೈದವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಒಲೆಗೆ ಬೆಂಕಿ ಹಾಕುವ ಮೊದಲೇ ಅದು ಶುರುವಾಗುತ್ತಿತ್ತು. ಮಳೆ ಬಂದರೆ ಎರಿ ಮಣ್ಣು ಮೆತ್ತಿಕೊಂಡು ಒಂದೊಂದು ಚಪ್ಪಲಿ ಐದೈದು ಸೇರು ತೂಗುತ್ತದೆಂದು ಬೈಗುಳ. ಮಳೆ ಬರದಿದ್ದರೆ ಅದೇ ಮಣ್ಣು ಬಾಯಿ ಬಿಟ್ಟು ಕೋಳಿಮರಿ ನುಂಗುತ್ತದೆಂದು ಬೈಗುಳ. ಬಾವಿಯ ನೀರು ಸವಳು. ಚೆಲ್ಲಿದಲ್ಲೆಲ್ಲ ಆರಿದ ಮೇಲೆ ಬಿಳಿ ಕರೆ ಕೂರುತ್ತಿತ್ತು. ಕುಡಿಯುವ ಸೀ ನೀರು ಬೇಕೆಂದರೆ ಒಂದು ಮೈಲಿ ನಡೆದು ಕೆರೆಗೆ ಹೋಗಬೇಕು, ಬೇಸಿಗೆಯಲ್ಲಿ ಅಲ್ಲಿ ಸಾಲು ನಿಲ್ಲಬೇಕು. ಗದಗಿಗೆ ಬಸ್ಸು ದಿನಕ್ಕೆ ಎರಡೇ. ಇಷ್ಟೆಲ್ಲ ಬೈದು ಮುಗಿಸುವ ಹೊತ್ತಿಗೆ ಸಜ್ಜಿ ರೊಟ್ಟಿ ಬೆಂದಿರುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಬೈಸಿಕಲ್ಲು. ಆಕೆಗೆ ಹದಿನಾರು ತುಂಬಿದ ವರ್ಷ ಬೆಟಗೇರಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಬೈಸಿಕಲ್ ಮೇಲೆ ಬಂದಿದ್ದ. ಬಾಗಿಲ ಸಂದಿಯಿಂದ ಇಣುಕಿದ ಶಮಶಾದಬಿಗೆ ಹುಡುಗನ ಮುಖ ಕಾಣಲಿಲ್ಲ, ಬೈಸಿಕಲ್ಲಿನ ಮುಂದಿನ ದೀಪ ಕಂಡಿತು. ತುಳಿದರೆ ಹತ್ತುವ ದೀಪ! ಆದರೆ ಅವಳಪ್ಪ ಅಕ್ಬರಸಾಬ, “ಶಹರದವ್ರು ಕುಡಿಯಾಕ ನೀರು ಕೇಳಿದ್ರ ಮೊದಲ ಮುಖಾ ನೋಡತಾರ, ಆಮ್ಯಾಲೆ ತಂಬಗಿ ನೋಡತಾರ. ನನ್ನ ಮಗಳನ್ನ ಅಲ್ಲಿ ಕೊಡಂಗಿಲ್ಲ” ಎಂದು ಹಟ ಹಿಡಿದು ಸೋದರಮಾವನ ಮಗ ಮಾಶಾಕನಿಗೆ ಕೊಟ್ಟುಬಿಟ್ಟ. ಮಾಶಾಕನ ಹತ್ತಿರ ಬೈಸಿಕಲ್ಲೂ ಇರಲಿಲ್ಲ, ದೀಪವೂ ಇರಲಿಲ್ಲ. ಒಂದು ಸಲಿಕೆ, ಒಂದು ಬುಟ್ಟಿ, ಮಣ್ಣು ಬಡಿಯುವ ಒಂದು ಕಟ್ಟಿಗೆ ಇದ್ದವು. ಇಪ್ಪತ್ತೆರಡು ವರ್ಷದಲ್ಲಿ ಶಮಶಾದಬಿ ಆ ದೀಪವನ್ನು ಗಂಡನಿಗೆ ಎಷ್ಟು ಸಲ ನೆನಪಿಸಿದಳೋ ದೇವರಿಗೇ ಗೊತ್ತು.

ಮಾಶಾಕನ ಕಸುಬು ಮಾಳಿಗೆ ರಿಪೇರಿ. ಕುರ್ತಕೋಟಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿ ಕಟ್ಟಿದವು. ಮೇಲೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮೊಳದಷ್ಟು ಮಣ್ಣು. ಜೂನಿನಲ್ಲಿ ಮಿರುಗದ, ಎಂದರೆ ಮೃಗಶಿರಾ ನಕ್ಷತ್ರದ, ಮಳೆ ಬೀಳುವ ಮೊದಲು ಪ್ರತಿ ಮಾಳಿಗೆಗೂ ಹೊಸ ಮಣ್ಣು ಹಾಕಿ ಬಡಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಎಲ್ಲಿ ಸೋರುತ್ತದೆ ಎಂಬುದನ್ನು ಮಾಶಾಕ ಬರಿಗಾಲಲ್ಲಿ ನಡೆದೇ ಹೇಳುತ್ತಿದ್ದ. ಮಾತು ಬಹಳ ಕಡಿಮೆ. ಮಾಳಿಗೆ ಏರಿದವನು ಕೆಳಗಿನವರ ಮಾತಿಗೆಲ್ಲ ಉತ್ತರ ಕೊಡಬೇಕಾಗಿಲ್ಲವಲ್ಲ, ಹಾಗಾಗಿ ಅವನ ಸಂಸಾರ ಸುಖವಾಗಿ ನಡೆದಿತ್ತು.

ಓಣಿಯ ಇಪ್ಪತ್ತು ಮಾಳಿಗೆಗಳು ಕೂಡಿ ಒಂದೇ ಅಂಗಳ. ಗಂಡಸರಿಗೆ ಕೆಳಗಿನ ದಾರಿ, ಹೆಣ್ಣುಮಕ್ಕಳಿಗೆ ಮೇಲಿನ ದಾರಿ. ಪ್ರತಿ ಮನೆಗೂ ನೆತ್ತಿಯ ಮೇಲೊಂದು ಬೆಳಕಿಂಡಿ. ಒಳಗೆ ಬೆಳಕು ಬರಲಿ, ಒಲೆಯ ಹೊಗೆ ಹೋಗಲಿ ಎಂದು ಬಿಟ್ಟ ಕಿಂಡಿ. ಬೆಳಕು ಬರುತ್ತಿತ್ತು, ಹೊಗೆ ಹೋಗುತ್ತಿತ್ತು, ಅವೆರಡಕ್ಕಿಂತ ಹೆಚ್ಚಾಗಿ ಮಾತು ಬಂದು ಹೋಗಿ ಮಾಡುತ್ತಿತ್ತು. ಶಮಶಾದಬಿಗೆ ಹಾಲಿಗೆ ಹಾಕಲು ಹೆಪ್ಪು ಬೇಕೆನ್ನಿ. ಬಾಗಿಲು ತೆಗೆದು ಓಣಿಗೆ ಇಳಿದು ಪಕ್ಕದ ಮನೆಯ ಬಾಗಿಲು ಬಡಿಯುವುದು ಯಾವ ಕಾಲಕ್ಕೆ? ಏಣಿ ಹತ್ತಿ ನಾಲ್ಕು ಹೆಜ್ಜೆ ಹೋಗಿ, ಪಕ್ಕದ ಮರಿಯವ್ವನ ಬೆಳಕಿಂಡಿಯ ಮುಂದೆ ಮೊಣಕಾಲೂರಿ, “ಮರಿಯಕ್ಕಾ, ಒಂದೀಟು ಹೆಪ್ಪು ಕೊಡಽ!” ಎಂದು ಕೂಗಿ, ದಾರಕ್ಕೆ ಕಟ್ಟಿದ ಬಟ್ಟಲನ್ನು ಒಳಗೆ ಬಿಡುತ್ತಿದ್ದಳು. ಕೆಳಗೆ ಮರಿಯವ್ವ ಕತ್ತು ಕೂಡ ಎತ್ತದೆ ಬಟ್ಟಲಿಗೆ ಹೆಪ್ಪು ಹಾಕುತ್ತಿದ್ದಳು. ಜೊತೆಗೆ ಆವತ್ತಿನ ಪಲ್ಯವೂ ಒಂದು ಎಲೆಯಲ್ಲಿ ಮೇಲೆ ಬರುತ್ತಿತ್ತು. ಕುರುಬರ ಮರಿಯವ್ವನ ಮನೆಯ ಹಿಟ್ಟಿನ ಪಲ್ಯ ತಿಂದೇ ಶಮಶಾದಬಿಯ ಮಗಳು ಹಾಜಿರಾಬಿ ಬೆಳೆದು ಮುಂಡರಗಿಗೆ ಮದುವೆಯಾಗಿ ಹೋಗಿದ್ದಳು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಓಣಿಯ ಅರ್ಧ ಜನಕ್ಕೆ ಅಡ್ಡಹೆಸರು ಇಟ್ಟವಳು ಶಮಶಾದಬಿಯೇ. ಮಾಳಿಗೆಯ ಮೇಲೆ ನಿಂತವಳಿಗೆ ಎಲ್ಲರೂ ಕಾಣುತ್ತಾರೆ, ಬಾಯಿ ಸುಮ್ಮನಿರುವುದಿಲ್ಲ. ಎದುರು ಮನೆಯ ಹುಚ್ಚಪ್ಪ ಎಪ್ಪತ್ತೆರಡನೆಯ ಇಸವಿಯಲ್ಲಿ ಊರು ಸಾಕಾಯಿತೆಂದು ಹುಬ್ಬಳ್ಳಿಯ ಒಂದು ಖಾನಾವಳಿಗೆ ಕೆಲಸಕ್ಕೆ ಹೋದ. ಹತ್ತೊಂಬತ್ತನೆಯ ದಿನ ಟ್ರಂಕು ಹೊತ್ತು ವಾಪಸು ಬರುವಾಗ ಮೊದಲು ಕಂಡವಳು ಈಕೆ. “ಹುಬ್ಬಳ್ಳಿ ಸಾಹೇಬ್ರು ಬಂದ್ರು ನೋಡ್ರ್ಯೋ!” ಎಂದು ಮೇಲಿಂದ ಕೂಗಿದಳು. ಮುಗಿಯಿತು. ಅವನು ಹುಬ್ಬಳ್ಳಿ ಹುಚ್ಚಪ್ಪನಾದ, ಹೆಂಡತಿ ಹುಬ್ಬಳ್ಳಿಯಾಕಿ, ಅವನ ಎತ್ತು ಹುಬ್ಬಳ್ಳಿ ಎತ್ತು. ಮಗಳನ್ನು ನೋಡಲು ಬಂದ ಬೀಗರು ಮನೆ ಕೇಳಿದಾಗ ಯಾರೋ “ಹುಬ್ಬಳ್ಳಿಯವ್ರದ?” ಎಂದರಂತೆ, ಬೀಗರು ನಿಜಕ್ಕೂ ಹುಬ್ಬಳ್ಳಿಯ ಬಸ್ಸು ಹತ್ತುವುದರಲ್ಲಿದ್ದರು. ಹತ್ತು ವರ್ಷ ಆ ಮನುಷ್ಯ ಆ ಹೆಸರನ್ನು ಹೊತ್ತು ತಿರುಗಿದ.

ಎಂಬತ್ತೆರಡರ ಜನವರಿಯಲ್ಲಿ ಶಮಶಾದಬಿಯ ಅಣ್ಣ ಅಬ್ದುಲಗನಿ ಬೆಟಗೇರಿಯಿಂದ ಬಂದ. ಅವನು ಅಲ್ಲಿ ಹತ್ತಿ ಗೋದಾಮಿನ ಹಮಾಲರ ಮುಖಂಡ. ಮಾಶಾಕನಿಗೆ ಗೋದಾಮಿನಲ್ಲಿ ಹಗಲು ಕಾವಲಿನ ಕೆಲಸ ಗೊತ್ತುಮಾಡಿದ್ದ, ಬಾಡಿಗೆಗೊಂದು ಮನೆಯನ್ನೂ ನೋಡಿದ್ದ.

“ಸ್ಲ್ಯಾಬಿನ ಮನಿ, ತಂಗಿ. ಮನ್ಯಾಗ ನಳಾ. ಬಟನ್ ಒತ್ತಿದ್ರ ಲೈಟು.”

ಲೈಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶಮಶಾದಬಿ ಗಂಟು ಕಟ್ಟಲು ಎದ್ದಳು. ಮಾಶಾಕ ಬೀಡಿ ಹಚ್ಚಿ ಮೇಲೆ ಜಂತಿ ನೋಡಿದ. “ಮನೀನ ಮಾರಿಬಿಡೂಣೇನ್ರಿ?” ಎಂದು ಆಕೆ ಕೇಳಿದ್ದಕ್ಕೆ, “ಈಗ ಬ್ಯಾಡ. ಮಳಿಗಾಲ ಮುಗದ ಮ್ಯಾಲೆ ಚಲೋ ಗಿರಾಕಿ ಬರತಾವು” ಎಂದ. ಮಳೆಗಾಲಕ್ಕೂ ಗಿರಾಕಿಗೂ ಏನು ಸಂಬಂಧವೆಂದು ಕೇಳುವಷ್ಟು ವ್ಯವಧಾನ ಆಕೆಗೆ ಇರಲಿಲ್ಲ. ಬೀಸುವ ಕಲ್ಲು ಮರಿಯವ್ವನಿಗೆ, ಕೋಳಿಗಳು ಮರಿಯವ್ವನಿಗೆ, ಏಣಿ ಮರಿಯವ್ವನಿಗೆ, ಮನೆಯ ಕೀಲಿಯೂ ಮರಿಯವ್ವನಿಗೆ.

ಹೊರಡುವ ದಿನ ಸಾಮಾನು ಹೇರಿದ ಚಕ್ಕಡಿಯ ಮೇಲೆ ಶಮಶಾದಬಿ ಎದ್ದು ನಿಂತಳು. ಸುಮ್ಮನೆ ಕೂತು ಹೋಗಿದ್ದರೆ ಏನಾಗುತ್ತಿತ್ತು? ಇಲ್ಲ, ನಿಲ್ಲಬೇಕು.

“ಕೇಳ್ರಿ ಎಲ್ಲಾರೂ! ಈ ಊರಾಗ ನಾ ತಿರುಗಿ ಒಲಿ ಹೂಡಿದ್ರ, ನನ್ನ ಹೆಸರು ತಗದು ನಿಮಗ ತಿಳಿದದ್ದು ಇಡ್ರಿ!”

ಕಟ್ಟೆಯ ಮೇಲೆ ಕೂತಿದ್ದ ಹುಚ್ಚಪ್ಪ ಬಾಯೊಳಗಿನ ಎಲೆಅಡಿಕೆ ಉಗಿದು, ನಿಧಾನವಾಗಿ ಅಂದ: “ಇಡತೀವವಾ. ಏನ ಇಡೂದು ಅಂತ ಇವತ್ತಿಂದನ ಯೋಚನಿ ಮಾಡತೀವಿ.”

ಓಣಿಯೆಲ್ಲ ನಕ್ಕಿತು. ಮರಿಯವ್ವ ಒಬ್ಬಳೇ ನಗಲಿಲ್ಲ.

ಬೆಟಗೇರಿಯ ತಪ್ಪು ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೇಕಾರರ ಹಳೆಯ ಓಣಿಗಳಿಗೆ ಹೋಗಿ ನೋಡಿ, ಮಗ್ಗದ ಸದ್ದಿನ ನಡುವೆಯೂ ಜನ ಕಿಟಕಿಯಿಂದ ಕಿಟಕಿಗೆ ಮಾತಾಡುತ್ತಾರೆ. ಆದರೆ ಇವರಿಗೆ ಸಿಕ್ಕದ್ದು ಊರ ಹೊರಗೆ ಹೊಸದಾಗಿ ಎದ್ದ ಪ್ಲಾಟಿನ ಮನೆ. ಬಂದವರೆಲ್ಲ ಹೊಸಬರು, ಯಾರಿಗೆ ಯಾರ ಗುರುತೂ ಇಲ್ಲ.

ಮೊದಲ ವಾರ ಸ್ವರ್ಗ. ಶಮಶಾದಬಿ ಲೈಟಿನ ಬಟನ್ ಒತ್ತಿದಳು, ಆರಿಸಿದಳು, ಮತ್ತೆ ಒತ್ತಿದಳು. ಎರಡನೆಯ ವಾರ ಬೆಳಿಗ್ಗೆ ಎದ್ದು ರೂಢಿಯಂತೆ ಬೈಯಲು ಬಾಯಿ ತೆರೆದರೆ ಬೈಯಲು ಏನೂ ಸಿಗಲಿಲ್ಲ. ಕಾಲಿಗೆ ಮಣ್ಣು ಮೆತ್ತುತ್ತಿರಲಿಲ್ಲ, ಕೋಳಿ ಕಳೆಯುತ್ತಿರಲಿಲ್ಲ. ನಳದಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಅದನ್ನು ಬೈಯೋಣವೆಂದು ಶುರುಮಾಡಿದಳು. ಪಕ್ಕದ ಮನೆಯಾಕೆ ತನ್ನ ಕಿಟಕಿ ಮುಚ್ಚಿಕೊಂಡಳು. ಕೇಳುವವರಿಲ್ಲದೆ ಬೈಯುವುದೂ ಒಂದು ಬೈಯುವುದೇ? ಆಕೆ ಅರ್ಧಕ್ಕೆ ನಿಲ್ಲಿಸಿಬಿಟ್ಟಳು.

ಇನ್ನೊಂದು ದಿನ ಅದೇ ಪಕ್ಕದ ಮನೆಯಾಕೆ ಕಸ ಚೆಲ್ಲಲು ಹೊರಗೆ ಬಂದಾಗ ಶಮಶಾದಬಿ ಬಾಯಿ ತುಂಬ ನಕ್ಕು, “ಇವತ್ತ ಏನ್ ಪಲ್ಯಾ ಮಾಡೀರಿ?” ಎಂದಳು.

“ಯಾಕ್ರಿ?” ಎಂದಳು ಆಕೆ.

ಯಾಕೆ! ನಲವತ್ತು ವರ್ಷದಲ್ಲಿ ಈ ಪ್ರಶ್ನೆಗೆ ಇಂಥ ಉತ್ತರವನ್ನು ಶಮಶಾದಬಿ ಕೇಳಿರಲಿಲ್ಲ. ಅವಳ ಊರಲ್ಲಿ ಈ ಪ್ರಶ್ನೆಗೆ ಉತ್ತರವೆಂದರೆ ಒಂದು ಬಟ್ಟಲು ಪಲ್ಯ. ಒಳಗೆ ಬಂದು ಗೋಡೆಗೆ ಒರಗಿ ಕೂತು ಮೇಲೆ ನೋಡಿದಳು. ಸ್ಲ್ಯಾಬು. ನಡುವೆ ಒಂದು ಬಲ್ಬು. ಬೆಳಕಿಂಡಿ ಇಲ್ಲ.

“ಏನಾತಽ?” ಎಂದ ಸಂಜೆ ಬಂದ ಮಾಶಾಕ.

“ಏನಿಲ್ರಿ. ಭಾಳ ಆರಾಮ ಐತಿ” ಎಂದಳು. ಹೇಳುವುದಾದರೂ ಹೇಗೆ? ಊರಿನ ಕಟ್ಟೆಯ ಮೇಲೆ ಹುಚ್ಚಪ್ಪ ಎಲೆಅಡಿಕೆ ಜಗಿಯುತ್ತ ಹೆಸರು ಯೋಚಿಸುತ್ತ ಕೂತಿದ್ದಾನೆ.

ಮಾರ್ಚಿನ ಒಂದು ರವಿವಾರ ದೊಡ್ಡ ರಾಮಾಯಣವೇ ಆಯಿತು. ಗಂಡ ಮನೆಯಲ್ಲಿದ್ದ. ಹಾಲು ಕಾಯಿಸಿದ್ದಳು, ಹೆಪ್ಪು ಇರಲಿಲ್ಲ. ಕೈ ತನ್ನಷ್ಟಕ್ಕೆ ಬಟ್ಟಲಿಗೆ ದಾರ ಕಟ್ಟಿತು, ಕಾಲು ತನ್ನಷ್ಟಕ್ಕೆ ಮೆಟ್ಟಿಲು ಹತ್ತಿತು. ಪ್ಲಾಟಿನ ಮನೆಗಳೂ ಸಾಲಾಗಿ ಗೋಡೆಗೆ ಗೋಡೆ ಹಚ್ಚಿ ಕಟ್ಟಿದವೇ. ನಡುವೆ ಮೊಳಕಾಲೆತ್ತರದ ಕಟ್ಟೆ, ಅಷ್ಟೆ. ಶಮಶಾದಬಿ ಸೀರೆ ಎತ್ತಿ ಕಟ್ಟಿ ಒಂದು ಕಟ್ಟೆ ದಾಟಿದಳು, ಎರಡು ದಾಟಿದಳು. ಮೂರನೆಯ ಮನೆಯ ಮೇಲೆ ಒಂದು ಚೌಕಾಕಾರದ ಕಿಂಡಿ ಕಂಡಿತು. ಕಂಡೊಡನೆ ಜೀವಕ್ಕೆ ಎಷ್ಟು ಹಿತವಾಯಿತೆಂದರೆ, ಅಯ್ಯ, ಇಲ್ಲೂ ಬೆಳಕಿಂಡಿ ಇದೆಯಲ್ಲ ಎಂದು ಓಡಿಹೋಗಿ ಮೊಣಕಾಲೂರಿ, ಬಟ್ಟಲು ಕೆಳಗೆ ಬಿಟ್ಟು, “ಯಕ್ಕಾ, ಒಂದೀಟು ಹೆಪ್ಪು ಕೊಡಽ!” ಎಂದು ಕೂಗಿದಳು.

ಅದು ಬಚ್ಚಲು ಮನೆಯ ಕಿಂಡಿ. ಕೆಳಗೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಮೈಗೆಲ್ಲ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ತಲೆಗೆ ಬಟ್ಟಲು ತಗುಲಿತು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದ ಗಂಟಲು ಅದು, “ಕಳ್ಳರು! ಕಳ್ಳರು!” ಎಂದು ಎತ್ತಿದ ದನಿ ಬೆಟಗೇರಿ ದಾಟಿ ಗದಗಿಗೂ ಕೇಳಿರಬೇಕು. ಎರಡು ನಿಮಿಷದಲ್ಲಿ ಕೋಲು, ಸಲಿಕೆ, ಒಂದು ಕ್ರಿಕೆಟ್ ಬ್ಯಾಟು ಹಿಡಿದು ಜನ ಮೇಲೆ ಬಂದರು. ನೋಡಿದರೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ದಾರ ಎಳೆದುಕೊಳ್ಳುತ್ತ ನಿಂತಿದ್ದಾಳೆ.

“ಏನ್ ಕದಿಯಾಕ ಬಂದಿದ್ದಿ?”

“ಹೆಪ್ಪು” ಎಂದಳು ಶಮಶಾದಬಿ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಆವತ್ತು ಅವಳಿಗೆ ಗೊತ್ತಾಯಿತು.

ಮಾಶಾಕ ಓಡಿಹೋಗಿ ಕರೆತಂದ ಅಬ್ದುಲಗನಿ ಕೈ ಮುಗಿದು, ನನ್ನ ತಂಗಿ ಹಳ್ಳಿಯಾಕಿ, ತಪ್ಪು ತಿಳಿಯಬೇಡಿರೆಂದು ಎಲ್ಲರನ್ನೂ ಕೆಳಗೆ ಇಳಿಸಿದ. ಪಾಪ, ಮಾಸ್ತರರು ಕೆಟ್ಟವರಲ್ಲ; ಸಂಜೆಗೆ ಹೆಪ್ಪನ್ನೂ ಕಳಿಸಿದರು. ಆದರೆ ಮರುದಿನ ಮನೆಯ ಮಾಲಕ ಗೌಂಡಿಯನ್ನು ಕರೆತಂದು ಕಟ್ಟೆಗಳ ಮೇಲೆ ಉದ್ದಕ್ಕೂ ಒಡೆದ ಬಾಟಲಿಯ ಗಾಜು ನೆಡಿಸಿದ. ಗೌಂಡಿ ಒಂದೊಂದೇ ಚೂರು ಚುಚ್ಚುವುದನ್ನು ಶಮಶಾದಬಿ ಮೆಟ್ಟಿಲ ಬಾಯಲ್ಲಿ ನಿಂತು ನೋಡಿದಳು. ಎಂಥ ಬೈಗುಳವನ್ನೂ ತಿರುಗಿ ಕೊಡಬಲ್ಲ ಹೆಂಗಸು, ಒಳಗೆ ಹೋಗಿ ಕದ ಹಾಕಿಕೊಂಡು ಅತ್ತಳು. ಹಳ್ಳಿಯಾಕಿ ಎಂದು ಅಣ್ಣ ಹೇಳಿದ್ದು ಖರೆ. ಊರು ಬೇಕು ಎಂದು ಮೊದಲ ಸಲ ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡಳು.

ಅಂದಿನಿಂದ ಶನಿವಾರ ಸಂತೆಯ ದಿನ ಶಮಶಾದಬಿಗೆ ಗದಗಿನ ಬಸ್ ನಿಲ್ದಾಣದ ಹತ್ತಿರ ಏನಾದರೂ ಕೆಲಸ ಬೀಳತೊಡಗಿತು. ಒಂದು ಸಲ ಸೂಜಿ ತರಬೇಕು, ಒಂದು ಸಲ ಸೂಜಿಗೆ ದಾರ ತರಬೇಕು. ಕುರ್ತಕೋಟಿಯ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಆ ಕಡೆ ಹಾಯುತ್ತಿದ್ದಳು. ಇಳಿದವರನ್ನು ಕಂಡು, “ಅಯ್ಯ, ನೀವೇನ ಇಲ್ಲಿ!” ಎಂದು ಅಚ್ಚರಿಪಡುತ್ತಿದ್ದಳು. ಬಳಿಕ ನಳದ ವರ್ಣನೆ, ಲೈಟಿನ ವರ್ಣನೆ. ಅದು ಮುಗಿದದ್ದೇ, ಯಾರ ಎಮ್ಮೆ ಈಯಿತು, ಯಾರ ಹೊಲದಲ್ಲಿ ಕುಸುಬಿ ಹೇಗಿದೆ, ಯಾರ ಮನೆಯಲ್ಲಿ ಜಗಳವಾಯಿತು. ಬಸ್ಸು ಬಿಡುವ ತನಕ ಆ ವಿಚಾರಣೆ ನಿಲ್ಲುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಶನಿವಾರ ಮರಿಯವ್ವನೇ ಬಸ್ಸು ಇಳಿದಳು. ಸೊಂಟದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಅರಿವೆಯಲ್ಲಿ ಸುತ್ತಿದ ರೊಟ್ಟಿ.

“ತಗೋ, ತಿನ್ನಽ. ಬಿಸಿ ಇದ್ದಾವು ಅಂತ ತಂದೆ.”

“ನಮಗೇನ್ ಕಡಿಮಿ ಐತಿ ಮರಿಯಕ್ಕಾ, ಇಲ್ಲಿ ಎಲ್ಲಾ ಸಿಗತೈತಿ” ಎನ್ನುತ್ತ ಶಮಶಾದಬಿ ನಿಂತಲ್ಲೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು, “ಏನ್ ಖಾರ ಹಾಕೀಯವಾ!” ಎಂದಳು.

ರೊಟ್ಟಿಗೆ ಮರಿಯವ್ವ ಹಚ್ಚಿದ್ದು ಬೆಣ್ಣೆ ಮಾತ್ರ. ಖಾರದ ಒಂದು ಕಣವೂ ಅದರಲ್ಲಿ ಇರಲಿಲ್ಲ.

ಜೂನ್ ಬಂತು. ಮಿರುಗ ಹುಟ್ಟಿ ನಾಲ್ಕು ದಿನವಾದರೂ ಹನಿ ಬೀಳಲಿಲ್ಲ. ಬರೀ ಗಾಳಿ, ಬರೀ ಧೂಳು. ಐದನೆಯ ದಿನ ಸಂಜೆ ಮರಿಯವ್ವನ ಗಂಡ ಬೀರಲಿಂಗಪ್ಪ ಬೆಟಗೇರಿಯ ಮನೆಯ ಬಾಗಿಲಲ್ಲಿ ನಿಂತಿದ್ದ. ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಚಹಾ ಕೊಟ್ಟರೂ ಕುಡಿಯದೆ, ಪಾಠ ಒಪ್ಪಿಸುವ ಹುಡುಗನಂತೆ ಗೋಡೆ ನೋಡುತ್ತ ಒಂದೇ ಉಸಿರಿಗೆ ಹೇಳಿದ: “ನಿಮ್ಮ ಮನಿ ಮಾಳಗಿ ಸೋರಾಕತ್ತೈತಿ. ಭಾಳ ಸೋರಾಕತ್ತೈತಿ. ತೊಲಿ ನೆನದಾವು. ನೀವು ಬಂದು ಇದ್ದು ನೋಡಲಿಲ್ಲಂದ್ರ ಮನಿ ಉಳಿಯಂಗಿಲ್ಲ.”

“ಮಳಿ ಯಾವಾಗ ಆತು?” ಎಂದ ಮಾಶಾಕ.

ಬೀರಲಿಂಗಪ್ಪನ ಮುಖ ಕಪ್ಪಿಟ್ಟಿತು. “ಅದನ್ನ ಆಕಿ ಹೇಳಿ ಕಳಿಸಿಲ್ಲ” ಎಂದ.

ಮಾಶಾಕ ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೆಂಡತಿಯತ್ತ ತಿರುಗಿದ. ಅವಳು ಅಲ್ಲಿರಲಿಲ್ಲ. ಒಳಗೆ ಪಾತ್ರೆಗಳು ಚೀಲಕ್ಕೆ ಬೀಳುವ ಸದ್ದು ಕೇಳುತ್ತಿತ್ತು. “ಮನಿ ಬಿದ್ದ ಹೋದ್ರ ಹ್ಯಾಂಗ್ರಿ? ನನ್ನ ಮಾವ ಕಟ್ಟಿಸಿದ ಮನಿ! ನಾ ಹೋಗಬೇಕಂತ ಹೊಂಟಿಲ್ಲ, ಮನಿ ಕರಸಾಕತ್ತೈತಿ!” ಎಂದು ಒಳಗಿಂದಲೇ ಒದರಿದಳು.

ಮರುದಿನ ಮಧ್ಯಾಹ್ನದ ಬಸ್ಸು ಅವರನ್ನು ಕುರ್ತಕೋಟಿಯಲ್ಲಿ ಇಳಿಸಿತು. ಇಳಿದಾಗ ಗಾಳಿ ಒಂದು ಬೊಗಸೆ ಧೂಳನ್ನು ಶಮಶಾದಬಿಯ ಮುಖಕ್ಕೆ ಎರಚಿತು. ಮಳೆ ಬಿದ್ದ ಊರಿನಲ್ಲಿ ಇಷ್ಟು ಧೂಳು ಹೇಗೆ ಎಂಬ ಯೋಚನೆ ಬಂತು. ಅದನ್ನು ಅಲ್ಲೇ ಬಿಟ್ಟು ಮುಂದೆ ನಡೆದಳು. ಕಟ್ಟೆಯ ಮೇಲೆ ಹುಚ್ಚಪ್ಪ ಕೂತಿದ್ದ. ಅವನು ಎದ್ದ. ಅವನ ಹಿಂದೆ ನಾಲ್ಕು ಜನ ಎದ್ದರು. ಶಮಶಾದಬಿ ತಲೆ ತಗ್ಗಿಸಿ ಬೇಗಬೇಗ ಮನೆ ಸೇರಿದಳು.

ಮರಿಯವ್ವ ಕೀಲಿ ತೆಗೆದಳು. ಒಳಗೆ ಬೆಳಕಿಂಡಿಯ ಕೆಳಗೆ ನೆಲ ನೆನೆದು ರಾಡಿಯಾಗಿತ್ತು. ಶಮಶಾದಬಿ ಮೇಲೆ ನೋಡಿದಳು. ಜಂತಿ ಒಣಗಿತ್ತು, ತೊಲೆ ಒಣಗಿತ್ತು. ಮೂಲೆಯಲ್ಲಿ ತಾನು ಕೊಟ್ಟುಹೋಗಿದ್ದ ಏಣಿ ನಿಂತಿತ್ತು. ಅದನ್ನು ಹತ್ತಿದಳು. ಮಾಳಿಗೆಯ ಮಣ್ಣು ಬಿಸಿಲಿಗೆ ಬಿರಿದಿತ್ತು. ಮರಿಯವ್ವನ ಮಾಳಿಗೆಯಿಂದ ತನ್ನ ಬೆಳಕಿಂಡಿಯವರೆಗೆ ಸಾಲಾಗಿ ನೀರು ತುಳುಕಿದ ಗುರುತು, ಅದರ ಪಕ್ಕದಲ್ಲಿ ಅರ್ಧ ಆರಿದ ಹೆಜ್ಜೆ. ಕಿಂಡಿಯ ಹತ್ತಿರ ಮರಿಯವ್ವ ಮರೆತು ಬಿಟ್ಟ ಹಿತ್ತಾಳೆ ಕೊಡ ಬೋರಲು ಬಿದ್ದಿತ್ತು.

ಕೆಳಗೆ ಇಳಿದು ಒದ್ದೆ ನೆಲದ ಮುಂದೆ ಕೂತಳು. ಅಂಚಿನಲ್ಲಿ ಆರಿದ ಕಡೆ ಬಿಳಿ ಕರೆ ಇರಲಿಲ್ಲ. ಸವಳು ನೀರಲ್ಲ, ಕೆರೆಯ ನೀರು. ಬಾವಿ ಮನೆ ಹಿಂದೆಯೇ ಇದೆ, ಸೇದಿ ಸುರಿದಿದ್ದರೆ ಆಗುತ್ತಿತ್ತು. ಈ ಬೇಸಿಗೆಯಲ್ಲಿ ಒಂದು ಮೈಲಿ ನಡೆದು, ಸಾಲು ನಿಂತು, ತಲೆಯ ಮೇಲೆ ಹೊತ್ತು ತಂದ ಕುಡಿಯುವ ನೀರನ್ನು ಆಕೆ ಮಾಳಿಗೆಗೆ ಏರಿಸಿ ತನ್ನ ಸಲುವಾಗಿ ನೆಲಕ್ಕೆ ಚೆಲ್ಲಿದ್ದಳು. ಸವಳು ಸುರಿದರೆ ಶಮಶಾದಬಿಯ ನೆಲ ಕೆಡುತ್ತದೆ ಎಂದು. ಶಮಶಾದಬಿಗೆ ತಡೆಯಲಾಗಲಿಲ್ಲ, ಮೂಗು ಸುರಿಯುವಂತೆ ಅತ್ತಳು. ಮರಿಯವ್ವ ಬಾಗಿಲಿಗೆ ಒರಗಿ ಬೇರೆ ಕಡೆ ನೋಡುತ್ತಿದ್ದಳು.

“ಮರಿಯಕ್ಕಾ” ಎಂದಳು ಶಮಶಾದಬಿ ಕೊನೆಗೆ, “ಮಳಿ ನೀರು ಭಾಳ ಸೀ ಅದಾವಲ್ಲ.”

“ಮಳಿ ನೀರು ಮತ್ತ ಹ್ಯಾಂಗ ಇರತಾವು? ಸೀನ ಇರತಾವು” ಎಂದಳು ಮರಿಯವ್ವ.

ಅಷ್ಟರಲ್ಲಿ ಬಾಗಿಲಲ್ಲಿ ಓಣಿ ನೆರೆದಿತ್ತು. ಎಲ್ಲರ ಮುಂದೆ ಹುಚ್ಚಪ್ಪ. ಐದು ತಿಂಗಳು ಹೆಸರು ಯೋಚಿಸಿದ ಮನುಷ್ಯ, ಹತ್ತು ವರ್ಷದ ಸಿಟ್ಟು ಬೇರೆ. ಶಮಶಾದಬಿ ಮುಖ ಒರೆಸಿಕೊಂಡು ಹೊರಗೆ ಬಂದು ನಿಂತಳು.

“ಏನವಾ, ಬಂದ್ಯಲ್ಲ?” ಎಂದ ಹುಚ್ಚಪ್ಪ.

“ಮಾಳಗಿ ಸೋರಾಕತ್ತಿತ್ತು” ಎಂದಳು. “ನಿನ್ನಿ ಮಳಿಗೆ.”

ಹುಚ್ಚಪ್ಪ ಆಕಾಶ ನೋಡಿದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅವನು ಓಣಿ ನೋಡಿದ. ಓಣಿಯಲ್ಲಿ ಧೂಳು ಏಳುತ್ತಿತ್ತು. ಅವಳ ಅತ್ತ ಕಣ್ಣು ನೋಡಿದ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಹತ್ತೊಂಬತ್ತು ದಿನವೂ ತಾನು ಪಾತ್ರೆ ತೊಳೆಯುತ್ತ ಅತ್ತದ್ದು ಅವನಿಗೆ ನೆನಪಾಗಿರಬೇಕು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಅಯ್ಯ, ನಿನ್ನಿ ಮಳಿ ಏನ್ ಸಣ್ಣ ಮಳೀನ?” ಎಂದ ಹುಚ್ಚಪ್ಪ. “ನಮ್ಮ ಎತ್ತು ತೇಲಿಕೊಂಡ ಹೋಗೂದಿತ್ತು. ಕೊಂಬು ಹಿಡದು ನಿಲ್ಲಿಸೀನಿ.”

“ಹೌದೌದು!” ಎಂದಿತು ಓಣಿ. “ನಮ್ಮ ಚಪ್ಲಿ ಹೋದುವು!” ಎಂದರು ಒಬ್ಬರು. ಬೀರಲಿಂಗಪ್ಪ ಮಾತ್ರ ಈ ಮಳೆ ಯಾವಾಗ ಬಂತೆಂದು ನಿಜಕ್ಕೂ ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ.

ಹುಚ್ಚಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. “ಯಾವ ಎತ್ತು ಅಂತ ಕೇಳಲಿಲ್ಲಲ್ಲವಾ ನೀ?”

ಶಮಶಾದಬಿಯ ನಾಲಿಗೆಯ ತುದಿಗೆ ಹಳೆಯ ಹೆಸರು ಬಂದು ನಿಂತಿತು. ಹತ್ತು ವರ್ಷದ ಅಭ್ಯಾಸ. ಅದನ್ನು ನುಂಗಿ, ಓಣಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದಳು: “ಹುಚ್ಚಪ್ಪಣ್ಣನ ಎತ್ತು! ಹುಚ್ಚಪ್ಪಣ್ಣನ ಎತ್ತು ಅನ್ನೂದು ಯಾರಿಗೆ ಗೊತ್ತಿಲ್ಲ? ಇನ್ನ ಮ್ಯಾಲೆ ಯಾರರ ಬ್ಯಾರೆ ಹೆಸರು ಹೇಳಿದ್ರ ನನ್ನ ಕೂಡ ಜಗಳಾ!”

ಹುಚ್ಚಪ್ಪ ಕಣ್ಣು ಪಿಳಿಪಿಳಿ ಮಾಡಿ, ಸಾವಕಾಶ ತಿರುಗಿ, ತನ್ನ ಕಟ್ಟೆಗೆ ಹೋಗಿ ಕೂತ. ಐದು ತಿಂಗಳು ಯೋಚಿಸಿಟ್ಟ ಹೆಸರು ಯಾವುದೆಂದು ಅವನು ಸಾಯುವ ತನಕ ಹೇಳಲಿಲ್ಲ.

ಇನ್ನು ಮಾಶಾಕ. ಅವನು ಆಗಲೇ ಮಾಳಿಗೆಯ ಮೇಲಿದ್ದ. ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆದ, ಕೂತ, ಕಿವಿ ಹಚ್ಚಿದ, ಮಣ್ಣು ಮೂಸಿ ನೋಡಿದ. ಬಳಿಕ ಮರಿಯವ್ವನ ಕೊಡವನ್ನು ನೆಟ್ಟಗೆ ಎತ್ತಿಟ್ಟು, ಬೆಳಕಿಂಡಿಯಿಂದ ಕೆಳಗೆ ಇಣುಕಿ ಹೆಂಡತಿಗೆ ಹೇಳಿದ:

“ಶಮಶಾದ, ಇದು ಸಣ್ಣ ಸೋರಿಕಿ ಅಲ್ಲ.”

“ಎಷ್ಟ ದಿನದ ಕೆಲಸ ಐತ್ರಿ?”

“ದಿನದ ಲೆಕ್ಕದಾಗ ಬರಂಗಿಲ್ಲ ಇದು. ಇಲ್ಲೇ ಇದ್ದು ವರ್ಷಾ ವರ್ಷಾ ನೋಡಕೋತ ಇರಬೇಕು.”

“ಮತ್ತ ಗೋದಾಮಿನ ಕೆಲಸ?”

“ಆ ಕೆಲಸಾ ನಿನ್ನಿನ ಬಿಟ್ಟೀನಿ” ಎಂದ ಮಾಶಾಕ. ಇಪ್ಪತ್ತೆರಡು ವರ್ಷದಲ್ಲಿ ಅವನು ಇಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಒಲೆಗೆ ಬೆಂಕಿ ಹಾಕುವ ಮೊದಲೇ ಶಮಶಾದಬಿ ಎರಿ ಮಣ್ಣನ್ನು, ಸವಳು ನೀರನ್ನು, ಕುರ್ತಕೋಟಿಯ ಗಾಳಿಯನ್ನು ಸಾಲಾಗಿ ಬೈದಳು. ಬೆಳಕಿಂಡಿಯಿಂದ ಅದು ಮೇಲೆ ಹೋಗಿ ಇಪ್ಪತ್ತು ಮನೆಯ ಬೆಳಕಿಂಡಿಗಳಲ್ಲಿ ಇಳಿಯಿತು. ಓಣಿಯ ಜನ ಐದು ತಿಂಗಳಿಂದ ಏನೋ ಕಡಿಮೆಯಾಗಿತ್ತಲ್ಲ ಎಂದುಕೊಳ್ಳುತ್ತ ಚಹಾ ಕುಡಿದರು.

ನಿಜವಾದ ಮಳೆ ಬಂದದ್ದು ಎಂಟು ದಿನದ ಮೇಲೆ. ಸುರಿಯಿತು ನೋಡಿ, ಓಣಿ ಹೊಳೆಯಾಯಿತು. ಮಾಶಾಕ ಬಡಿದ ಮಾಳಿಗೆ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಹುಚ್ಚಪ್ಪ ತಲೆಯ ಮೇಲೆ ಗೋಣಿಚೀಲ ಹೊದ್ದು ಬಾಗಿಲಲ್ಲಿ ನಿಂತು, ಮಳೆಯ ಸದ್ದಿನ ಮೇಲೆ ಕೂಗಿ ಕೇಳಿದ:

“ಶಮಶಾದವ್ವಾ! ಸೋರಾಕತ್ತೈತೇನು?”

ಶಮಶಾದಬಿ ಒಣಗಿದ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ, ಗಂಟಲು ಬಿಚ್ಚಿ ಉತ್ತರ ಕೊಟ್ಟಳು:

“ಭಾಳ ಸೋರಾಕತ್ತೈತಣ್ಣಾ! ಇನ್ನ ಈ ಮನಿ ಬಿಟ್ಟು ಎಲ್ಲೂ ಹೋಗಾಕ ಆಗಂಗಿಲ್ಲ!”